ಗೋಜೊದಲ್ಲಿ ಒಂದು ಕಡಲ ದಿನ: ಯಾವ ಗಾಳಿಗೆ ಯಾವ ದಂಡೆ

ಮೆಡಿಟರೇನಿಯನ್ ಸಮುದ್ರದಲ್ಲಿರುವ ಮಾಲ್ಟಾ ದೇಶದ ಎರಡನೇ ದೊಡ್ಡ ದ್ವೀಪ ಗೋಜೊ. ಉದ್ದ ಸುಮಾರು 14 ಕಿ.ಮೀ., ಅಗಲ 7 ಕಿ.ಮೀ., ವಿಸ್ತೀರ್ಣ 67 ಚದರ ಕಿ.ಮೀ. ನಕ್ಷೆ ನೋಡಿದರೆ ಒಂದೇ ದಿನದಲ್ಲಿ ಎಲ್ಲ ಬೀಚುಗಳನ್ನೂ ಮುಗಿಸಿಬಿಡಬಹುದು ಅನ್ನಿಸುತ್ತದೆ. ಮುಗಿಸಲೂಬಹುದು. ಆದರೆ ಹಾಗೆ ಹೊರಟವರ ದಿನದ ಅರ್ಧ ಭಾಗ ಬಸ್ ಸ್ಟಾಪಿನ ಬಿಸಿಲಿಗೆ ಹೋಗುತ್ತದೆ, ನೀರಿಗಿಳಿದದ್ದು ಒಟ್ಟು ಒಂದು ಗಂಟೆಯೂ ಆಗಿರುವುದಿಲ್ಲ. ನಿಧಾನದ ದಿನ ಬೇಕೆಂದರೆ ಲೆಕ್ಕ ಸರಳ: ಬೆಳಿಗ್ಗೆ ಒಂದು ದಂಡೆ, ಸಂಜೆ ಒಂದು ದಂಡೆ, ನಡುವೆ ನೆರಳಿನಲ್ಲಿ ಊಟ. ಮೂರನೆಯದನ್ನು ಸೇರಿಸಿದರೆ ಮೊದಲಿನ ಎರಡೂ ಕೆಡುತ್ತವೆ.

ಆ ಎರಡನ್ನು ಆರಿಸುವುದು ಹೇಗೆ? ಇಂಟರ್‌ನೆಟ್ಟಿನ ಫೋಟೊ ನೋಡಿ ಆರಿಸುವುದು ರೂಢಿ. ಫೋಟೊ ತೆಗೆದವರು ಗಾಳಿಯಿಲ್ಲದ ದಿನ ತೆಗೆದಿರುತ್ತಾರೆ. ನೀವು ಹೋದ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದೇ ಗೋಜೊದಲ್ಲಿ ದಂಡೆಯನ್ನು ಆರಿಸುವ ಮೊದಲ ಅಳತೆ. ಬಸ್ಸು, ಮಕ್ಕಳು, ಮರಳು, ನೆರಳು ಎಲ್ಲ ಆಮೇಲೆ.

ಗಾಳಿ ಓದುವುದು

ಇಲ್ಲಿ ಗಾಳಿಗಳಿಗೆ ಹೆಸರುಗಳಿವೆ, ಊರಿನವರು ಆ ಹೆಸರಿನಲ್ಲೇ ಮಾತಾಡುತ್ತಾರೆ. ವಾಯವ್ಯದಿಂದ ಬರುವುದು ಮಯ್ಯಿಸ್ಟ್ರಾಲ್, ವರ್ಷದಲ್ಲಿ ಅತಿ ಹೆಚ್ಚು ಬೀಸುವುದು ಇದೇ. ಆಗ್ನೇಯದಿಂದ ಬರುವುದು ಶ್ಲೊಕ್. ಆಫ್ರಿಕಾದ ಕಡೆಯಿಂದ ಬಿಸಿಯನ್ನೂ ಮಂಕನ್ನೂ ಹೊತ್ತು ತರುತ್ತದೆ. ಈಶಾನ್ಯದ್ದು ಗ್ರಿಗಾಲ್, ನೈಋತ್ಯದ್ದು ಲ್ಬೀಚ್.

ಹವಾಮಾನದ ಆ್ಯಪಿನಲ್ಲಿ ಹೊಸಬರು ತಪ್ಪುವುದು ಒಂದೇ ಕಡೆ. 'ವಾಯವ್ಯ ಗಾಳಿ' ಎಂದರೆ ವಾಯವ್ಯದಿಂದ ಬರುವ ಗಾಳಿ, ವಾಯವ್ಯಕ್ಕೆ ಹೋಗುವುದಲ್ಲ. ಇದನ್ನು ತಿರುಗುಮುರುಗು ಓದಿದರೆ ಸರಿಯಾಗಿ ಅಲೆ ಬಡಿಯುವ ದಂಡೆಯನ್ನೇ ಆರಿಸಿಕೊಂಡಂತಾಗುತ್ತದೆ. ವೇಗದಲ್ಲಿ ನೋಡಬೇಕಾದದ್ದು ಗಂಟೆಗೆ 20 ಕಿ.ಮೀ. ಎಂಬ ಗೆರೆ. ಅದಕ್ಕಿಂತ ಕಡಿಮೆ ಇದ್ದರೆ ಎಲ್ಲಿ ಹೋದರೂ ನಡೆಯುತ್ತದೆ. 20ರಿಂದ 28ರ ನಡುವೆ ಇದ್ದರೆ ನೀರಿನ ಮೇಲೆ ಬಿಳಿ ನೊರೆ ಏಳತೊಡಗುತ್ತದೆ, ಗಾಳಿಗೆ ಬೆನ್ನು ಕೊಟ್ಟ ದಂಡೆಗೆ ಹೋಗಬೇಕು. ಅದಕ್ಕೂ ಹೆಚ್ಚಿದ್ದರೆ ಎದುರುಗಾಳಿಯ ದಂಡೆಯ ಆಸೆ ಬಿಡಿ. ಇನ್ನೊಂದು ಸೂಕ್ಷ್ಮ: ಗಾಳಿ ನಿಂತ ಮೇಲೂ ಅಲೆ ಕೂಡಲೇ ನಿಲ್ಲುವುದಿಲ್ಲ. ನಿನ್ನೆ ಇಡೀ ದಿನ ಮಯ್ಯಿಸ್ಟ್ರಾಲ್ ಬೀಸಿದ್ದರೆ ಇಂದು ಬೆಳಿಗ್ಗೆ ಗಾಳಿ ತಣ್ಣಗಿದ್ದರೂ ಉತ್ತರದ ದಂಡೆಯಲ್ಲಿ ಅಲೆ ಇದ್ದೇ ಇರುತ್ತದೆ. ಆದ್ದರಿಂದ ಹಿಂದಿನ ದಿನದ ಗಾಳಿಯನ್ನೂ ನೋಡಿ.

ಈಗ ದಂಡೆಗಳನ್ನು ದಿಕ್ಕಿನ ಪ್ರಕಾರ ಇಡೋಣ. ಉತ್ತರಕ್ಕೆ ಮುಖ ಮಾಡಿದವು ರಮ್ಲಾ, ಸಾನ್ ಬ್ಲಾಸ್, ಮಾರ್ಸಲ್ಫೋರ್ನ್, ಶ್ವೇಯ್ನಿ, ವೀದ್ ಇಲ್-ಆಸ್ರಿ. ದಕ್ಷಿಣ ಮತ್ತು ಆಗ್ನೇಯದ ಕಡೆಗೆ ಹೊಂಡೊ ಮತ್ತು ಇಮ್ಜಾರ್ ಇಶ್-ಶೀನಿ. ನೈಋತ್ಯಕ್ಕೆ ಶ್ಲೆಂದಿ. ಪಶ್ಚಿಮದ ತುದಿಯಲ್ಲಿ ದ್ವೇಯ್ರಾ. ಮಯ್ಯಿಸ್ಟ್ರಾಲ್ ಬೀಸಿದರೆ ಹೊಂಡೊ ಅಥವಾ ಇಮ್ಜಾರ್ ಇಶ್-ಶೀನಿ. ಶ್ಲೊಕ್ ಬೀಸಿದರೆ ಉತ್ತರದ ಯಾವುದಾದರೂ. ಗ್ರಿಗಾಲ್ ಬೀಸಿದರೆ ಶ್ಲೆಂದಿ ಅಥವಾ ದ್ವೇಯ್ರಾ. ಲ್ಬೀಚ್ ಬೀಸಿದರೆ ಮತ್ತೆ ಉತ್ತರ. ಇಷ್ಟನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

(ಬಸ್ಸಿನ ಬೋರ್ಡು ಓದುವಾಗ ಎಕ್ಸ್ ಅಕ್ಷರವನ್ನು 'ಶ' ಎಂದೂ, ಜೆ ಅಕ್ಷರವನ್ನು 'ಯ' ಎಂದೂ ಓದಿಕೊಳ್ಳಿ. ಕ್ಯೂ ಅಕ್ಷರವನ್ನು ಗಂಟಲಲ್ಲೇ ನುಂಗಿಬಿಡುತ್ತಾರೆ. ಮೇಲೆ ಬರೆದ ಹೆಸರುಗಳು ಆಗ ಬೋರ್ಡಿನಲ್ಲಿ ಸಿಗುತ್ತವೆ.)

ಮರಳು ಬೇಕೆಂದರೆ: ರಮ್ಲಾ ಅಥವಾ ಸಾನ್ ಬ್ಲಾಸ್

ಗೋಜೊದ ಕರಾವಳಿ ಬಹುಪಾಲು ಸುಣ್ಣಕಲ್ಲಿನ ಬಂಡೆ. ನಮ್ಮ ಮಲ್ಪೆ, ಗೋಕರ್ಣದ ಹಾಗೆ ಕಣ್ಣು ಹಾಯುವಷ್ಟು ದೂರ ಮರಳನ್ನು ನಿರೀಕ್ಷಿಸಿದರೆ ನಿರಾಸೆ. ಕಣಿವೆಗಳು ಕಡಲಿಗೆ ಇಳಿಯುವ ಕೆಲವೇ ಜಾಗದಲ್ಲಿ ಮರಳು ಸೇರಿಕೊಂಡಿದೆ. ಅದರಲ್ಲಿ ದೊಡ್ಡದು ರಮ್ಲಾ. ಮರಳಿನ ಬಣ್ಣ ಕೆಂಪು ಬೆರೆತ ಕಿತ್ತಳೆ, ಕಬ್ಬಿಣದ ಅಂಶದಿಂದ ಬಂದದ್ದು.

ರಮ್ಲಾದ ಪರವಾಗಿ ಹೇಳಬೇಕಾದದ್ದು ಬಹಳ ಇದೆ. ದ್ವೀಪದ ನಡುವಿನ ಮುಖ್ಯ ಊರು ವಿಕ್ಟೋರಿಯಾದಿಂದ 302 ನಂಬರ್ ಬಸ್ಸು ದಂಡೆಯವರೆಗೇ ಬರುತ್ತದೆ. ಬೇಸಿಗೆಯಲ್ಲಿ ಲೈಫ್‌ಗಾರ್ಡುಗಳಿರುತ್ತಾರೆ. ಶೌಚಾಲಯ, ತಿಂಡಿ ಅಂಗಡಿ, ಬಾಡಿಗೆಗೆ ಕೊಡೆ ಮತ್ತು ಕುರ್ಚಿ ಸಿಗುತ್ತವೆ. ನೀರು ನಿಧಾನವಾಗಿ ಆಳವಾಗುತ್ತದೆ, ಆದ್ದರಿಂದ ಚಿಕ್ಕ ಮಕ್ಕಳಿದ್ದರೆ, ಈಜು ಬಾರದವರಿದ್ದರೆ ದ್ವೀಪದಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಂದು ಷರತ್ತು: ಉತ್ತರದ ಅಲೆ ಇರಬಾರದು.

ಏಕೆಂದರೆ ಅಲೆ ಇದ್ದ ದಿನ ಇದೇ ರಮ್ಲಾ ದ್ವೀಪದ ಅಪಾಯದ ದಂಡೆಗಳಲ್ಲಿ ಒಂದು. ದಡಕ್ಕೆ ಬಂದ ನೀರು ಹಿಂದಕ್ಕೆ ಹೋಗಲು ಒಂದು ಕಿರಿದಾದ ಹಾದಿ ಮಾಡಿಕೊಳ್ಳುತ್ತದೆ, ಆ ಸೆಳವಿಗೆ ಸಿಕ್ಕವರನ್ನು ಒಳಗೆ ಎಳೆದೊಯ್ಯುತ್ತದೆ. ಮೋಸ ಎಲ್ಲಿದೆಯೆಂದರೆ, ಸೆಳವಿರುವ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ಅಕ್ಕಪಕ್ಕದಲ್ಲಿ ನೊರೆ, ನಡುವೆ ಶಾಂತವಾದ ಒಂದು ಪಟ್ಟೆ ಕಂಡರೆ ಜನ ಅದೇ ಸುರಕ್ಷಿತ ಎಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡಿ ಈಜಬೇಡಿ, ಕೈಕಾಲು ಸೋಲುತ್ತವೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಎಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಿ. ಈಜುವ ಶಕ್ತಿ ಇಲ್ಲದಿದ್ದರೆ ತೇಲಿಕೊಂಡು ಕೈ ಎತ್ತಿ ಕೂಗಿ. ಕೆಂಪು ಬಾವುಟ ಹಾರಿಸಿದ್ದರೆ ಮೊಣಕಾಲಿನ ನೀರಿಗೂ ಇಳಿಯದಿರುವುದು ಒಳ್ಳೆಯದು.

ರಮ್ಲಾದಲ್ಲಿ ಸಹಜ ನೆರಳಿಲ್ಲ ಎನ್ನಬಹುದು. ಮರಳಿನ ಹಿಂದೆ ಗಿಡಗಂಟಿ ಬೆಳೆದ ದಿಬ್ಬಗಳಿವೆ. ಮಾಲ್ಟಾದಲ್ಲಿ ಉಳಿದಿರುವ ಕೆಲವೇ ಮರಳುದಿಬ್ಬಗಳಲ್ಲಿ ಇವೂ ಸೇರಿವೆ, ರಕ್ಷಿತ ಜಾಗ. ನೆರಳಿಗೆಂದು ಅದರೊಳಗೆ ನುಗ್ಗಬೇಡಿ, ಕೊಡೆ ಬಾಡಿಗೆಗೆ ತೆಗೆದುಕೊಳ್ಳಿ. ನೀರಿನಡಿ ಅಲ್ಲಲ್ಲಿ ಬಂಡೆಗಳಿವೆ. ಶತ್ರುಗಳ ದೋಣಿ ತಡೆಯಲು, ಹಿಂದೆ ಮಾಲ್ಟಾವನ್ನು ಆಳಿದ ಸೇಂಟ್ ಜಾನ್ ನೈಟ್‌ಗಳು ಕೊಲ್ಲಿಯೊಳಗೆ ಕಟ್ಟಿಸಿದ ಗೋಡೆಯ ಅವಶೇಷವೂ ಇದೆ. ಓಡಿಬಂದು ತಲೆಕೆಳಗಾಗಿ ಹಾರುವ ಜಾಗ ಇದಲ್ಲ.

ಮೇಲಿನಿಂದ ನೋಡಬೇಕೆನ್ನುವವರಿಗೆ ಎರಡು ಗವಿಗಳ ಹೆಸರು ಕೇಳಿಬರುತ್ತದೆ. ಶಾರಾ ಊರಿನ ಕಡೆಯ ಕ್ಯಾಲಿಪ್ಸೋ ಗವಿಯ ಒಳಗೆ ಬಿಡುವುದಿಲ್ಲ, ಬಂಡೆ ಕುಸಿಯುವ ಭಯ. ನೋಟಕ್ಕೆ ಮಾತ್ರ ನಿಲ್ಲಬಹುದು. ಗವಿಯ ಬಾಯಿಯ ಚೌಕಟ್ಟಿನಲ್ಲಿ ಇಡೀ ಕೆಂಪು ದಂಡೆ ಕಾಣುವ ಆ ಪ್ರಸಿದ್ಧ ಫೋಟೊ ಎದುರು ಬದಿಯ, ನಾದೂರ್ ಕಡೆಯ ತಲ್-ಮಿಶ್ತಾ ಗವಿಯದ್ದು. ಇವೆರಡನ್ನು ಅದಲುಬದಲು ಮಾಡಿಕೊಂಡು ಕಣಿವೆಯ ತಪ್ಪು ಬದಿ ಹತ್ತುವವರು ಕಡಿಮೆಯಿಲ್ಲ.

ಸಾನ್ ಬ್ಲಾಸ್ ಅದೇ ಮರಳು, ಅದೇ ಬಣ್ಣ, ಆದರೆ ಚಿಕ್ಕದು. ನಾದೂರಿನ ಕೆಳಗೆ ಹೊಲಗದ್ದೆಗಳ ನಡುವೆ ಇಳಿಯುವ ಕಡಿದಾದ ಕಾಂಕ್ರೀಟ್ ದಾರಿಯ ಕೊನೆಯಲ್ಲಿದೆ. ಬಸ್ಸು ಕೆಳಗಿಳಿಯುವುದಿಲ್ಲ, ಕಾರನ್ನು ಮೇಲೆಯೇ ಬಿಡಬೇಕು. ಇಳಿಯುವುದು ಸುಲಭ. ಮಧ್ಯಾಹ್ನ ಎರಡು ಗಂಟೆಗೆ ಮಗುವನ್ನೂ ಚೀಲವನ್ನೂ ಹೊತ್ತು ಹತ್ತುವುದು ಬೇರೆಯದೇ ಕಥೆ. ಸೀಸನ್ನಿನಲ್ಲಿ ಸ್ವಲ್ಪ ದುಡ್ಡು ಕೊಟ್ಟರೆ ಜೀಪಿನಲ್ಲಿ ಮೇಲಕ್ಕೆ ಬಿಡುತ್ತಾರೆ, ಆದರೆ ಅದನ್ನೇ ನೆಚ್ಚಿಕೊಂಡು ಇಳಿಯಬೇಡಿ. ಗಟ್ಟಿ ಕಾಲಿನ ಇಬ್ಬರು ಮೂವರಿದ್ದರೆ, ಗದ್ದಲ ಬೇಡವಾದರೆ ಸಾನ್ ಬ್ಲಾಸ್. ಅಜ್ಜಿ ತಾತ, ಪುಟ್ಟ ಮಕ್ಕಳು ಜೊತೆಗಿದ್ದರೆ ಎರಡನೇ ಯೋಚನೆ ಇಲ್ಲದೆ ರಮ್ಲಾ. ಗಾಳಿಯ ವಿಷಯದಲ್ಲಿ ಎರಡಕ್ಕೂ ಭೇದವಿಲ್ಲ: ರಮ್ಲಾದಲ್ಲಿ ಅಲೆ ಇದೆಯೆಂದು ಸಾನ್ ಬ್ಲಾಸಿಗೆ ಹೋದರೆ ಅಲ್ಲೂ ಅದೇ ಅಲೆ.

ತಿಳಿನೀರು ಬೇಕೆಂದರೆ: ಹೊಂಡೊ, ಶ್ಲೆಂದಿ, ಇಮ್ಜಾರ್ ಇಶ್-ಶೀನಿ

ನೀರಿನೊಳಗೆ ಮುಖವಿಟ್ಟು ನೋಡುವ ಆಸೆ ಇದ್ದವರಿಗೆ ಮರಳಿಗಿಂತ ಬಂಡೆಯೇ ಮೇಲು. ಮರಳು ಎದ್ದು ನೀರನ್ನು ಕಲಕುತ್ತದೆ, ಬಂಡೆಯ ಬುಡದಲ್ಲಿ ಮೀನು ಇರುತ್ತದೆ. ಈ ಮೂರೂ ಜಾಗ ಅಂಥವು, ಆದರೆ ಸ್ವಭಾವ ಬೇರೆ ಬೇರೆ.

ಹೊಂಡೊ ಎದುರಿಗೇ ಕೊಮಿನೋ ದ್ವೀಪವಿದೆ, ಅದರಾಚೆ ಮಾಲ್ಟಾ. ಮಯ್ಯಿಸ್ಟ್ರಾಲ್ ದಿನಗಳಲ್ಲಿ ಗೋಜೊದ ಗುಡ್ಡವೇ ಬೆನ್ನಿಗೆ ನಿಂತು ಗಾಳಿ ತಡೆಯುವುದರಿಂದ ನೀರು ಕೊಳದಂತೆ ಇರುತ್ತದೆ. ಸಣ್ಣ ಮರಳು-ಬೆಣಚುಕಲ್ಲಿನ ದಂಡೆ, ಪಕ್ಕದಲ್ಲಿ ಚಪ್ಪಟೆ ಬಂಡೆ, ನೀರಿಗಿಳಿಯಲು ಕಬ್ಬಿಣದ ಏಣಿ. ಈಜು ಚೆನ್ನಾಗಿ ಬರುವವರು ಏಣಿಯಿಂದ ಇಳಿಯಲಿ, ಮಕ್ಕಳನ್ನು ದಂಡೆಯ ಕಡೆಯಿಂದ ಇಳಿಸಿ. ತೊಂದರೆ ದಾರಿಯದ್ದು. ಕಾಲಾ ಊರಿನಿಂದ ಕೆಳಗೆ ಇಳಿಯುವ ರಸ್ತೆ ಕಡಿದು, ವಾಪಸಿನ ಏರಿಗೆ ಎಲ್ಲೂ ನೆರಳಿಲ್ಲ. ಕಾರಿದ್ದವರಿಗೆ ಇನ್ನೊಂದು ತೊಂದರೆ: ಭಾನುವಾರ ಹತ್ತು ಗಂಟೆಯ ಮೇಲೆ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಎಂಟೂವರೆಗೆ ಅಲ್ಲಿದ್ದರೆ ಎರಡೂ ತೊಂದರೆ ತಪ್ಪುತ್ತದೆ.

ಶ್ಲೆಂದಿಯದ್ದು ಊರೊಳಗಿನ ಕೊಲ್ಲಿ. ಎರಡೂ ಕಡೆ ಎತ್ತರದ ಬಂಡೆಗೋಡೆ, ನಡುವೆ ಚಿಕ್ಕ ಮರಳಿನ ತುಂಡು, ಅದರ ಹಿಂದೆಯೇ ಹೋಟೆಲುಗಳ ಸಾಲು. ವಿಕ್ಟೋರಿಯಾದಿಂದ ಸುಮಾರು 3 ಕಿ.ಮೀ., 306 ನಂಬರ್ ಬಸ್ಸು. ತಂಪು ಹೊತ್ತಿನಲ್ಲಿ ಮುಕ್ಕಾಲು ಗಂಟೆ ನಡೆದೂ ಹೋಗಬಹುದು. ಮರಳು ತೀರ ಕಡಿಮೆ, ಬೇಸಿಗೆಯಲ್ಲಿ ಟವೆಲ್ಲಿಗೆ ಟವೆಲ್ಲು ತಾಗುತ್ತದೆ. ಜಾಣರು ಮರಳನ್ನು ಬಿಟ್ಟು ಕೊಲ್ಲಿಯ ಎಡಬದಿಯ ಬಂಡೆ ಮೆಟ್ಟಿಲಿಗೆ ಹೋಗುತ್ತಾರೆ. ಅಲ್ಲಿ ಏಣಿಗಳಿವೆ, ಆಳದ ತಿಳಿನೀರಿದೆ. ಅದೇ ಬದಿಯಲ್ಲಿ ಮುಂದೆ ಸಾಗಿದರೆ 1650ರಲ್ಲಿ ಕಟ್ಟಿದ ಕಾವಲು ಗೋಪುರ, ಕಾಲು ಗಂಟೆಯ ನಡಿಗೆ. ಕೊಲ್ಲಿಯಲ್ಲಿ ದೋಣಿಗಳ ಓಡಾಟ ಇರುವುದರಿಂದ ತೇಲುಬುರುಡೆಗಳ ಗೆರೆಯೊಳಗೇ ಈಜಿ. ಆ ಗೆರೆ ದಾಟಿ ಸ್ನಾರ್ಕಲ್ ಮಾಡುವವರು ಬಾವುಟ ಸಿಕ್ಕಿಸಿದ ತೇಲುಬುರುಡೆಯನ್ನು ಎಳೆದುಕೊಂಡು ಹೋಗಬೇಕು, ಇಲ್ಲವೆಂದರೆ ದೋಣಿಯವನಿಗೆ ನಿಮ್ಮ ತಲೆ ಕಾಣುವುದಿಲ್ಲ.

ಊಟ, ಶೌಚಾಲಯ, ಬಸ್ಸು ಮೂರೂ ಕೈಗೆಟಕುವ ಕಾರಣ ಶ್ಲೆಂದಿ ಸಂಜೆಯ ಜಾಗವಾಗಿ ಒಳ್ಳೆಯದು. ಈಜಿಗೆ ಮಾತ್ರ ಅಳೆದರೆ ಹೊಂಡೊ ಮುಂದೆ.

ಇಮ್ಜಾರ್ ಇಶ್-ಶೀನಿ ಎತ್ತರದ ಬಂಡೆಗಳ ನಡುವೆ ಒಳನುಗ್ಗಿರುವ ಕಿರಿದಾದ ಕಡಲ ಸಂದು. ಬಾಯಲ್ಲಿ 1661ರ ಕಾವಲು ಗೋಪುರ. ಕೊನೆಯಲ್ಲಿ ಬೆಣಚುಕಲ್ಲಿನ ಪುಟ್ಟ ದಂಡೆ, ಅಷ್ಟೆ. 1551ರ ಜುಲೈನಲ್ಲಿ ತುರ್ಕರ ನೌಕಾಪಡೆ ಗೋಜೊವನ್ನು ಲೂಟಿ ಮಾಡಿ ಸುಮಾರು 5,000 ಜನರನ್ನು ಗುಲಾಮರಾಗಿ ಒಯ್ದಿತು. ದ್ವೀಪ ಬಹುಪಾಲು ಬರಿದಾಯಿತು. ಗೋಜೊದ ಕೊಲ್ಲಿ ಕೊಲ್ಲಿಗೂ ಗೋಪುರ ಕಾಣುವುದಕ್ಕೆ ಹಿನ್ನೆಲೆ ಆ ಭಯ. ಇಲ್ಲಿಗೆ ಬಸ್ಸಿಲ್ಲ. ಬಂದರಿನಿಂದ ಕಡಲಂಚಿನ ಕಾಲುದಾರಿಯಲ್ಲಿ ಒಂದು ಗಂಟೆಯ ನಡಿಗೆ, ಇಲ್ಲವೇ ಊರುಗಳ ಕಡೆಯಿಂದ ಇಳಿಯುವ, ಎದುರು ಕಾರು ಬಂದರೆ ಹಿಂದಕ್ಕೆ ಸರಿಯಬೇಕಾದಷ್ಟು ಕಿರಿದಾದ ರಸ್ತೆ. ಹೆಸರಿನಿಂದ ಮೋಸ ಹೋಗಬೇಡಿ: ದೋಣಿ ಬರುವ ಬಂದರು ಬರೀ 'ಇಮ್ಜಾರ್', ಟ್ಯಾಕ್ಸಿಯವನಿಗೆ ಅರ್ಧ ಹೆಸರು ಹೇಳಿದರೆ ಬಂದರಿಗೇ ವಾಪಸು ಕರೆದೊಯ್ಯುತ್ತಾನೆ. ಗೋಡೆ ಎತ್ತರವಿರುವುದರಿಂದ ಸೂರ್ಯ ಬೇಗ ಮರೆಯಾಗುತ್ತಾನೆ. ಬಿಸಿಲು ಕಾಯಿಸಲು ಬಂದವರಿಗೆ ಅದು ಕೊರತೆ, ಬಿಸಿಲಿನಿಂದ ತಪ್ಪಿಸಿಕೊಳ್ಳಬೇಕೆನ್ನುವ ನಮ್ಮಂಥವರಿಗೆ ಅದೇ ಲಾಭ.

ದ್ವೇಯ್ರಾ: ಈಜಿಗಲ್ಲ, ಸಂಜೆಗೆ

ಗೋಜೊದ ಜಾಹೀರಾತುಗಳಲ್ಲಿ ಬಹುಕಾಲ ಮೆರೆದ ಕಲ್ಲಿನ ಕಮಾನು ಆಝೂರ್ ವಿಂಡೋ ಇದ್ದದ್ದು ಇಲ್ಲಿ. 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಕಡಲು ಸೇರಿತು. ಹಳೆಯ ಫೋಟೊ ನೋಡಿಕೊಂಡು ಈಗಲೂ ಅದನ್ನು ಹುಡುಕಿ ಬರುವವರಿದ್ದಾರೆ. ಆದರೂ ದ್ವೇಯ್ರಾಕ್ಕೆ ಬರಲು ಕಾರಣಗಳು ಉಳಿದಿವೆ. 'ಒಳಗಡಲು' ಎಂದು ಕರೆಯುವ ಆಳವಿಲ್ಲದ ಕೊಳವೊಂದು ಬಂಡೆಯೊಳಗಿನ ಸುರಂಗದ ಮೂಲಕ ಹೊರಗಿನ ಸಮುದ್ರಕ್ಕೆ ಸೇರುತ್ತದೆ. ಕಡಲು ತಣ್ಣಗಿದ್ದ ದಿನ ಮೀನುಗಾರರ ಚಿಕ್ಕ ದೋಣಿಗಳು ಆ ಸುರಂಗದಲ್ಲಿ ಹೊರಗೆ ಕರೆದೊಯ್ದು ಕಾಲು ಗಂಟೆಯಲ್ಲಿ ವಾಪಸು ತರುತ್ತವೆ. ಪಶ್ಚಿಮ ಅಥವಾ ವಾಯವ್ಯದ ಅಲೆ ಇದ್ದರೆ ದೋಣಿ ಬಿಡುವುದಿಲ್ಲ. ಕೊಳದಲ್ಲಿ ಈಜಬಹುದು, ಸುರಂಗದೊಳಗೆ ಈಜಬೇಡಿ. ದೋಣಿಗಳ ದಾರಿ ಅದೇ. ಬ್ಲೂ ಹೋಲ್ ಎಂಬ ನೀಲಿ ಬಾವಿಯಂಥ ಜಾಗ ಸ್ಕೂಬಾದವರ ಸ್ವರ್ಗ, ಆದರೆ ಅಲ್ಲಿಗೆ ತಲುಪಲು ಚೂಪು ಬಂಡೆಯ ಮೇಲೆ ನಡೆಯಬೇಕು. ಚಪ್ಪಲಿ ಸಾಲದು, ಹಿಮ್ಮಡಿ ಮುಚ್ಚುವ ಶೂ ಬೇಕು.

ಇಲ್ಲಿಯ ಒಳ್ಳೆಯ ಹೊತ್ತು ಸೂರ್ಯಾಸ್ತ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂಕಾಲರ ಸುಮಾರಿಗೆ. 311 ನಂಬರ್ ಬಸ್ಸಿನಲ್ಲಿ ಬಂದವರು ಇಳಿದ ಕೂಡಲೇ ಸ್ಟಾಪಿನಲ್ಲಿರುವ ಕೊನೆಯ ಬಸ್ಸಿನ ಸಮಯ ನೋಡಿಕೊಳ್ಳಬೇಕು. ಕತ್ತಲಾದ ಮೇಲೆ ಈ ತುದಿಗೆ ಆ್ಯಪ್ ಟ್ಯಾಕ್ಸಿ ಕರೆಸುವುದು ನಿಧಾನದ ಕೆಲಸ.

ಶ್ವೇಯ್ನಿ ಮತ್ತು ವೀದ್ ಇಲ್-ಆಸ್ರಿ

ಮಾರ್ಸಲ್ಫೋರ್ನ್ ಉತ್ತರ ದಂಡೆಯ ರಜಾ ಊರು. 310 ನಂಬರ್ ಬಸ್ಸು, ಹೋಟೆಲುಗಳು, ಪುಟ್ಟ ದಂಡೆ. ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದೇನಿಲ್ಲ. ಅಲ್ಲಿಂದ ಕಡಲಂಚಿನ ರಸ್ತೆಯಲ್ಲಿ ಪಶ್ಚಿಮಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ನಡೆದರೆ ಶ್ವೇಯ್ನಿ. ಬಂಡೆಯಲ್ಲಿ ಚೌಕ ಚೌಕವಾಗಿ ಕೊರೆದ ಉಪ್ಪಿನ ಪಾತಿಗಳು ಇಲ್ಲಿಂದ ಬಹುದೂರ ಹಬ್ಬಿವೆ. ಬೇಸಿಗೆಯಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ, ರಸ್ತೆ ಬದಿಯ ಗವಿಕೋಣೆಯಲ್ಲಿ ಮಾರುತ್ತಾರೆ. ಸಾಣಿಕಟ್ಟೆಯಲ್ಲಿ ಗದ್ದೆಯಂತೆ ಮಣ್ಣಿನ ಬದು ಕಟ್ಟಿ ಉಪ್ಪು ಬೆಳೆಯುವುದನ್ನು ಕಂಡವರಿಗೆ ಈ ಕಲ್ಲಿನ ಪಾತಿಗಳು ಕುತೂಹಲ ಹುಟ್ಟಿಸುತ್ತವೆ. ಫೋಟೊಗಾಗಿ ಪಾತಿಯೊಳಗೆ ಕಾಲಿಡಬೇಡಿ. ಅದು ಒಬ್ಬರ ಬೆಳೆ, ಜೊತೆಗೆ ಅಂಚಿನ ಕಲ್ಲು ಮುರಿದರೆ ಉಪ್ಪುನೀರು ನಿಲ್ಲುವುದಿಲ್ಲ.

ಅದರಾಚೆಯ ವೀದ್ ಇಲ್-ಆಸ್ರಿ ಕಣಿವೆಯೊಳಗೆ ಅಂಕುಡೊಂಕಾಗಿ ಬಂದ ಕಡಲಿನ ಬೆರಳು. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಇಳಿದರೆ ಹತ್ತು ಹದಿನೈದು ಜನ ಕೂರುವಷ್ಟು ಬೆಣಚುಕಲ್ಲಿನ ಜಾಗ. ಅಂಗಡಿ, ಶೌಚಾಲಯ, ಲೈಫ್‌ಗಾರ್ಡ್ ಯಾವುದೂ ಇಲ್ಲ. ಗಾಳಿಯಿಲ್ಲದ ದಿನ ಇದರಷ್ಟು ಚೆಲುವಾದ ಈಜು ದ್ವೀಪದಲ್ಲಿ ಬೇರೆ ಇಲ್ಲ. ಉತ್ತರದ ಅಲೆ ಸ್ವಲ್ಪ ಇದ್ದರೂ ಬೇಡವೇ ಬೇಡ: ಅಗಲ ಬಾಯಿಂದ ನುಗ್ಗಿದ ಅಲೆ ಕಿರಿದಾದ ಗೋಡೆಗಳ ನಡುವೆ ಎದ್ದು ಬಡಿಯುತ್ತದೆ, ಹತ್ತಿ ಪಾರಾಗಲು ಪಕ್ಕದಲ್ಲಿ ಹಿಡಿತವಿರುವುದಿಲ್ಲ.

ಕೊಮಿನೋದ ಬ್ಲೂ ಲಗೂನ್ ಎಂಬ ತಿಳಿನೀಲಿ ನೀರಿನ ಕೊಲ್ಲಿಯ ಬಗ್ಗೆ ಒಂದು ಮಾತು, ಏಕೆಂದರೆ ಎಲ್ಲರೂ ಕೇಳುತ್ತಾರೆ. ಇಮ್ಜಾರ್ ಬಂದರಿನಿಂದ ಚಿಕ್ಕ ದೋಣಿಗಳು ಹೋಗುತ್ತವೆ. ನೀರಿನ ಬಣ್ಣ ಫೋಟೊದಲ್ಲಿದ್ದಂತೆಯೇ ಇದೆ. ಆದರೆ ಜನಜಂಗುಳಿ ಎಷ್ಟೆಂದರೆ 2025ರಿಂದ ಮುಂಗಡ ಬುಕಿಂಗ್ ಮಾಡಿಸಿ ಜನರ ಸಂಖ್ಯೆಗೆ ಮಿತಿ ಹಾಕಿದ್ದಾರೆ. ನಿಧಾನದ ದಿನ ಬಯಸಿ ಗೋಜೊವರೆಗೆ ಬಂದವರು ಅದನ್ನು ಬಿಡುವುದೇ ಮೇಲು.

ಹೋಗುವುದು ಹೇಗೆ

ಮಾಲ್ಟಾದಿಂದ ಎರಡು ದಾರಿ. ಒಂದು, ಉತ್ತರ ತುದಿಯ ಚಿರ್ಕೆವ್ವಾದಿಂದ ಕಾರು ಹತ್ತುವ ದೊಡ್ಡ ಫೆರಿ. ದಾಟಲು ಸುಮಾರು 25 ನಿಮಿಷ, ರಾತ್ರಿಯೂ ಓಡುತ್ತದೆ. ಇನ್ನೊಂದು, ರಾಜಧಾನಿ ವಲ್ಲೆಟ್ಟಾದಿಂದ ವೇಗದ ದೋಣಿ. ಸುಮಾರು 45 ನಿಮಿಷ, ಜನರಿಗೆ ಮಾತ್ರ. ವಲ್ಲೆಟ್ಟಾ ಸುತ್ತಮುತ್ತ ಉಳಿದವರಿಗೆ ವೇಗದ ದೋಣಿಯೇ ಸುಖ, ಏಕೆಂದರೆ ಚಿರ್ಕೆವ್ವಾಕ್ಕೆ 41 ಅಥವಾ 42 ನಂಬರ್ ಬಸ್ಸಿನಲ್ಲೇ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆದರೆ ಕಡಲು ಏರಿದಾಗ ಮೊದಲು ನಿಲ್ಲುವುದೂ ವೇಗದ ದೋಣಿಯೇ. ಗಾಳಿ ಜೋರಾಗುವ ಸೂಚನೆಯಿದ್ದರೆ ವಾಪಸಿನ ಟಿಕೆಟ್ ಮೊದಲೇ ತೆಗೆಯದೆ, ದೊಡ್ಡ ಫೆರಿಯ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಿ.

ದ್ವೀಪದೊಳಗೆ ಬಸ್ಸು, ಬಾಡಿಗೆ ಕಾರು, ಸ್ಕೂಟರ್ ಎಂಬ ಮೂರು ಆಯ್ಕೆ. ಬಸ್ಸುಗಳೆಲ್ಲ ನಡುವಿನ ವಿಕ್ಟೋರಿಯಾದಿಂದ ಹೊರಡುತ್ತವೆ, ಬಹುಪಾಲು ಗಂಟೆಗೊಂದರ ಲೆಕ್ಕದಲ್ಲಿ. ಒಂದು ದಂಡೆಯಿಂದ ಇನ್ನೊಂದಕ್ಕೆ ಹೋಗಲು ವಿಕ್ಟೋರಿಯಾದಲ್ಲಿ ಬದಲಿಸಬೇಕಾಗುತ್ತದೆ. ಒಟ್ಟು ಒಂದೂವರೆ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ದಂಡೆಗಳು ಎರಡೇ ಸಾಕು ಎನ್ನುವುದು ಇದಕ್ಕಾಗಿಯೇ. ಸ್ಟಾಪಿನಲ್ಲಿ ನಿಂತು ಕೈ ಎತ್ತದಿದ್ದರೆ ಬಸ್ಸು ನಿಲ್ಲುವುದಿಲ್ಲ. ತುಂಬಿದ್ದರೆ ಕೈ ಎತ್ತಿದರೂ ನಿಲ್ಲುವುದಿಲ್ಲ. ಆಗಸ್ಟಿನಲ್ಲಿ ರಮ್ಲಾದಿಂದ ಸಂಜೆ ಐದರಿಂದ ಏಳರವರೆಗೆ ಹೊರಡುವವರಿಗೆ ಇದು ಆಗುತ್ತದೆ. ನಾಲ್ಕಕ್ಕೆ ಏಳಿ, ಇಲ್ಲವೇ ಏಳೂವರೆಯವರೆಗೆ ಕೂತೇ ಇರಿ. ಮಾಲ್ಟಾದಲ್ಲಿ ನರ್ಸಿಂಗ್, ಹೋಟೆಲ್, ಐಟಿ ಕೆಲಸದಲ್ಲಿರುವ ಕನ್ನಡಿಗರು ಗಮನಿಸಿ: 2022ರ ಅಕ್ಟೋಬರಿನಿಂದ ಅಲ್ಲಿಯ ನಿವಾಸಿಗಳಿಗೆ ಸ್ವಂತ ಹೆಸರಿನ ತಲ್ಲಿನ್ಯಾ ಎಂಬ ಬಸ್ ಕಾರ್ಡ್ ಇದ್ದರೆ ಸಾಮಾನ್ಯ ಬಸ್ಸು ಉಚಿತ, ಗೋಜೊದಲ್ಲೂ.

ಕಾರಿನ ಪರ ಒಂದು ದೊಡ್ಡ ಅಂಶವೆಂದರೆ ಇಲ್ಲಿ ನಮ್ಮಲ್ಲಿಯಂತೆಯೇ ಎಡಬದಿಯ ಚಾಲನೆ. ಯುರೋಪಿನ ಬಹುಪಾಲು ಕಡೆ ಬಲಬದಿಗೆ ಒಗ್ಗಿಕೊಳ್ಳುವ ತಲೆನೋವು ಇಲ್ಲಿಲ್ಲ. ಬಾಡಿಗೆಯವರು ಅಂತರರಾಷ್ಟ್ರೀಯ ಪರ್ಮಿಟ್ ಕೇಳಬಹುದು, ಭಾರತದಿಂದಲೇ ಮಾಡಿಸಿಕೊಂಡು ಹೋಗಿ. ಚಿಕ್ಕ ಕಾರೇ ತೆಗೆದುಕೊಳ್ಳಿ. ದಂಡೆಗಿಳಿಯುವ ರಸ್ತೆಗಳ ಎರಡೂ ಬದಿ ಕಲ್ಲಿನ ಗೋಡೆ. ಕನ್ನಡಿ, ಬಾಗಿಲು ಉಜ್ಜುವುದು ಮಾಮೂಲು. ಸಹಿ ಹಾಕುವ ಮುಂಚೆ ಡ್ಯಾಮೇಜಿಗೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆಂದು ಕೇಳಿ, ಕಾರಿನ ಸುತ್ತ ವಿಡಿಯೋ ತೆಗೆದುಕೊಳ್ಳಿ. ಸ್ಕೂಟರು ಪಾರ್ಕಿಂಗಿಗೆ ಅನುಕೂಲ, ಆದರೆ ಕಿತ್ತುಹೋದ ಡಾಂಬರು ಮತ್ತು ಅಡ್ಡಗಾಳಿ ಎರಡೂ ಇವೆ. ಒದ್ದೆ ಚಡ್ಡಿ, ಬರಿಗಾಲಲ್ಲಿ ಓಡಿಸುವ ಪ್ರವಾಸಿಗರನ್ನು ನೋಡಿ ಅನುಕರಿಸಬೇಡಿ.

ನಾಲ್ವರಿದ್ದರೆ ಕಾರು, ಇಬ್ಬರಿದ್ದು ರಮ್ಲಾ-ಮಾರ್ಸಲ್ಫೋರ್ನ್ ಅಥವಾ ಶ್ಲೆಂದಿ-ದ್ವೇಯ್ರಾ ಜೋಡಿಯಾದರೆ ಬಸ್ಸು. ಹೊಂಡೊ, ಸಾನ್ ಬ್ಲಾಸ್, ಇಮ್ಜಾರ್ ಇಶ್-ಶೀನಿಗೆ ಹೋಗುವಾಗ ಟ್ಯಾಕ್ಸಿ, ಬರುವಾಗಲೂ ಟ್ಯಾಕ್ಸಿ ಎಂದಿಟ್ಟುಕೊಂಡರೆ ಕಾರಿನ ಬಾಡಿಗೆಗಿಂತ ಅಗ್ಗವಾಗಬಹುದು.

ಯಾವ ತಿಂಗಳು

ಕಡಲಿನ ನೀರು ಫೆಬ್ರವರಿಯಲ್ಲಿ 15–16 ಡಿಗ್ರಿ, ಆಗಸ್ಟಿನಲ್ಲಿ 26–27 ಡಿಗ್ರಿ. ನಮ್ಮ ಅರಬ್ಬೀ ಸಮುದ್ರದ ಬೆಚ್ಚನೆಯ ನೀರಿಗೆ ಒಗ್ಗಿದವರಿಗೆ ಮೇ ತಿಂಗಳ ನೀರು ಮೈ ಕೊರೆಯುತ್ತದೆ, ಹೊರಗಿನ ಬಿಸಿಲು ನೋಡಿ ಮೋಸ ಹೋಗುತ್ತಾರೆ. ಜುಲೈ–ಆಗಸ್ಟಿನಲ್ಲಿ ನೀರು ಸೊಗಸು, ಜನ ಅತಿ. ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ನಡುವಿನವರೆಗೆ ನೀರಿನ ಬಿಸಿ ಉಳಿದಿರುತ್ತದೆ, ಶಾಲೆ ಶುರುವಾಗಿ ಜನ ಕರಗಿರುತ್ತಾರೆ. ಒಂದೇ ಸಲ ಹೋಗುವವರು ಆ ಹೊತ್ತನ್ನೇ ಆರಿಸಲಿ. ಉಬ್ಬರವಿಳಿತದ ಚಿಂತೆ ಇಲ್ಲಿ ಬೇಡ. ಮಾಲ್ಟಾದ ಸುತ್ತಲಿನ ಕಡಲಲ್ಲಿ ಅದು ಸುಮಾರು ಗೇಣುದ್ದ ಮಾತ್ರ, ಬೆಳಿಗ್ಗೆ ಇಟ್ಟ ಚಾಪೆ ಸಂಜೆಯೂ ಒಣಗೇ ಇರುತ್ತದೆ.

ಚೀಲದಲ್ಲಿ ಏನು, ಹೊಟ್ಟೆಗೆ ಏನು

ರಬ್ಬರಿನ ನೀರಿನ ಶೂ ಮೊದಲನೆಯದು. ಬಂಡೆಯ ಸಂದುಗಳಲ್ಲಿ ಸೀ ಅರ್ಚಿನ್ ಎಂಬ ಕಪ್ಪು ಮುಳ್ಳಿನ ಜೀವಿ ಇರುತ್ತದೆ. ತುಳಿದರೆ ಮುಳ್ಳು ಮುರಿದು ಒಳಗೇ ಉಳಿಯುತ್ತದೆ. ಬಿಸಿನೀರಿನಲ್ಲಿ ಕಾಲು ನೆನೆಸಿ ಚಿಮಟದಿಂದ ಮೇಲಿರುವವನ್ನು ತೆಗೆಯಿರಿ, ಆಳಕ್ಕೆ ಹೋದದ್ದನ್ನು ಅಗೆಯದೆ ವಿಕ್ಟೋರಿಯಾದ ಆಸ್ಪತ್ರೆಗೆ ಹೋಗಿ.

ಎರಡನೆಯದು ಸಣ್ಣ ಡಬ್ಬಿಯಲ್ಲಿ ಅಡುಗೆ ಸೋಡಾ. ಇಲ್ಲಿ ಕುಟುಕುವ ಜೆಲ್ಲಿಫಿಶ್ ಬಹುಪಾಲು ನೇರಳೆ ಬಣ್ಣದ ಪುಟ್ಟ ಜಾತಿಯದು. ಗಾಳಿ ಯಾವ ದಂಡೆಯ ಕಡೆ ಬೀಸುತ್ತದೋ ಅಲ್ಲಿಗೆ ಅವು ತೇಲಿಬರುತ್ತವೆ, ಗಾಳಿಗೆ ಬೆನ್ನಾದ ದಂಡೆ ಆರಿಸಿದರೆ ಇದರಿಂದಲೂ ಬಚಾವು. ಕುಟುಕಿದರೆ ಸಮುದ್ರದ ನೀರಿನಿಂದಲೇ ತೊಳೆಯಿರಿ. ಸಿಹಿನೀರು ಹಾಕಿದರೆ ಚರ್ಮದ ಮೇಲೆ ಉಳಿದ ಕುಟುಕು ಕೋಶಗಳು ಸಿಡಿದು ಉರಿ ಹೆಚ್ಚುತ್ತದೆ. ಸೋಡಾವನ್ನು ಅಷ್ಟೇ ಪ್ರಮಾಣದ ಸಮುದ್ರದ ನೀರಿನಲ್ಲಿ ಕಲಸಿ ಎರಡು ನಿಮಿಷ ಹಚ್ಚಿಟ್ಟು, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಉಜ್ಜಬೇಡಿ, ಈ ಜಾತಿಗೆ ವಿನೆಗರ್ ಬೇಡ. ಉಸಿರಾಟ ಕಷ್ಟವಾದರೆ 112ಕ್ಕೆ ಕರೆ ಮಾಡಿ. ದಂಡೆಯಲ್ಲಿ ನೇರಳೆ ಬಾವುಟ ಕಂಡರೆ ಜೆಲ್ಲಿಫಿಶ್ ಇದೆಯೆಂದು ಅರ್ಥ.

ಕಂದು ಬಣ್ಣದ ಒಣ ಎಲೆಗಳ ರಾಶಿ ದಂಡೆಯಲ್ಲಿ ಬಿದ್ದಿದ್ದರೆ ಕಸವೆಂದು ಮೂಗು ಮುರಿಯಬೇಡಿ. ಅದು ಪೊಸಿಡೋನಿಯಾ ಎಂಬ ಕಡಲ ಹುಲ್ಲು, ಚಳಿಗಾಲದ ಅಲೆ ಮರಳನ್ನು ಕೊಚ್ಚಿಕೊಂಡು ಹೋಗದಂತೆ ಕಾಯುತ್ತದೆ.

ನೀರು ತಲೆಗೆ ಎರಡು ಲೀಟರ್. ನಲ್ಲಿಯ ನೀರು ಕುಡಿಯಬಹುದಾದರೂ ರುಚಿ ಹಿಡಿಸದು. ಸಸ್ಯಾಹಾರಿಗಳಿಗೆ ಬೆಳಗಿನ ತಿಂಡಿಗೆ ಪಸ್ತಿತ್ಸಿ ಸುಲಭ: ಪದರ ಪದರದ ಹಿಟ್ಟಿನೊಳಗೆ ರಿಕೊಟ್ಟಾ ಚೀಸ್ ಅಥವಾ ಬಟಾಣಿ. ಹಿಟ್ಟಿಗೆ ಪ್ರಾಣಿಯ ಕೊಬ್ಬು ಬಳಸಿದ್ದಾರೆಯೇ ಎಂದು ಮಾತ್ರ ಕೇಳಿಕೊಳ್ಳಿ. ಗೋಜೊದ ಫ್ತೀರಾ ಕಟ್ಟಿಗೆ ಒಲೆಯಲ್ಲಿ ಬೇಯಿಸಿದ ದಪ್ಪ ರೊಟ್ಟಿ, ಮೇಲೆ ಆಲೂಗಡ್ಡೆ, ಟೊಮ್ಯಾಟೊ. ಆಂಚೊವಿ ಮೀನು ಬೇಡವೆಂದು ಮೊದಲೇ ಹೇಳಬೇಕು, ಆಮೇಲೆ ಆರಿಸಿ ತೆಗೆದರೂ ವಾಸನೆ ಹೋಗದು. ಎಣ್ಣೆ ಟೊಮ್ಯಾಟೊ ಸವರಿದ ಬ್ರೆಡ್ಡಿನೊಳಗೆ ಹೇಳದಿದ್ದರೆ ಟ್ಯೂನಾ ತುಂಬುತ್ತಾರೆ. ಜ್ಬೇಯ್ನಾ ಎಂಬ ಪುಟ್ಟ ಗುಂಡು ಚೀಸ್ ಕುರಿ ಹಾಲಿನದು. ಹಾಲು ಒಡೆಸಲು ಪ್ರಾಣಿಮೂಲದ ರೆನೆಟ್ ಬಳಸುವ ರೂಢಿಯಿದೆ, ಕಟ್ಟುನಿಟ್ಟಿನವರು ತಿಳಿದಿರಲಿ. ಊಟಕ್ಕೆ ಹನ್ನೆರಡೂವರೆಯಿಂದ ಮೂರೂವರೆ, ವಿಕ್ಟೋರಿಯಾದ ಕೋಟೆಯ ಕೆಳಗಿನ ಚೌಕದಲ್ಲೋ ನಾದೂರಿನ ಹಳೆಯ ಒಲೆ ಬೇಕರಿಯ ಫ್ತೀರಾ ಕಟ್ಟಿಸಿಕೊಂಡೋ ಕಳೆಯಿರಿ. ಆ ಮೂರು ಗಂಟೆಯ ಬಿಸಿಲಿಗೆ ದಂಡೆಯಲ್ಲಿ ಇರಬಾರದು.

ವಾಪಸು ಹೊರಡುವಾಗ ದೊಡ್ಡ ಫೆರಿಯವರ ಕ್ರಮ ಗೊತ್ತಿರಲಿ. ಮಾಲ್ಟಾದಿಂದ ಬರುವಾಗ ಟಿಕೆಟ್ ಕೇಳುವುದಿಲ್ಲ, ಗೋಜೊ ಬಿಡುವಾಗ ಎರಡೂ ದಾರಿಯ ಹಣ ಒಟ್ಟಿಗೆ ಕೊಡಬೇಕು, ವಯಸ್ಕರಿಗೆ 4.65 ಯೂರೋ. ವೇಗದ ದೋಣಿಯಲ್ಲಿ ಬಂದು ದೊಡ್ಡ ಫೆರಿಯಲ್ಲಿ ಹೋದರೆ ಪೂರ್ತಿ ಹಣ ಕೊಟ್ಟಂತಾಗುತ್ತದೆ. ದೊಡ್ಡ ಫೆರಿಯಲ್ಲಿ ಬಂದು ವೇಗದ ದೋಣಿಯಲ್ಲಿ ಹೋದರೆ ದೊಡ್ಡ ಫೆರಿಗೆ ಏನೂ ಕೊಡಬೇಕಾಗಿಲ್ಲ. ಭಾನುವಾರ ಸಂಜೆ ಕಾರಿನವರ ಸಾಲು ಬಂದರಿನಿಂದ ಗುಡ್ಡದ ಮೇಲಿನವರೆಗೆ ಏರುತ್ತದೆ. ನಡೆದು ಬಂದವರು ಆ ಸಾಲನ್ನು ದಾಟಿ ನೇರ ಒಳಗೆ ಹೋಗಬಹುದು.